ಅಂಡಮಾನ್‌ನಲ್ಲಿ ಎಲ್ಲಿ ಉಳಿಯೋದು: ಪೋರ್ಟ್ ಬ್ಲೇರ್, ಹ್ಯಾವ್ಲಾಕ್ ಅಥವಾ ನೀಲ್?

ಬೆಂಗಳೂರಿನಿಂದ ನೇರ ವಿಮಾನ, ಎರಡೂವರೆ ಗಂಟೆಯ ಆಸುಪಾಸಿನ ಪ್ರಯಾಣ. ಹಾಗಾಗಿ ನಮ್ಮ ಕಡೆಯವರು ಅಂಡಮಾನ್ ಟಿಕೆಟ್ ಮೊದಲು ತೆಗೆದುಬಿಡುತ್ತಾರೆ, ಯೋಚನೆ ಆಮೇಲೆ. ಐದು ರಾತ್ರಿ, ಆರು ಹಗಲು. ನಂತರ ಮೊಬೈಲ್ ಹಿಡಿದು ಹೋಟೆಲ್ ಹುಡುಕಲು ಕೂರುತ್ತಾರೆ. ಎಲ್ಲ ಫೋಟೊದಲ್ಲೂ ನೀಲಿ ನೀರು, ಎಲ್ಲದರಲ್ಲೂ ತೆಂಗಿನಮರ. ಒಂದಕ್ಕೆ ರಾತ್ರಿಗೆ ಎರಡು ಸಾವಿರ, ಇನ್ನೊಂದಕ್ಕೆ ಇಪ್ಪತ್ತೆರಡು ಸಾವಿರ. ವ್ಯತ್ಯಾಸ ಏನು ಅಂತ ಫೋಟೊ ನೋಡಿ ಗೊತ್ತಾಗೋದಿಲ್ಲ. ಕೊನೆಗೆ ‘ನೀವೇ ಹೇಳಿ, ಎಲ್ಲಿ ಉಳಿಯೋದು?’ ಎಂದು ಕೇಳುತ್ತಾರೆ.

ಹೋಟೆಲ್ ಕೊನೆಗೆ ನೋಡಿ ಅನ್ನುತ್ತೇನೆ. ಮೊದಲು ಯಾವ ದ್ವೀಪ, ಅದರ ಯಾವ ದಂಡೆ, ಅಲ್ಲಿ ಎಷ್ಟು ರಾತ್ರಿ ಅನ್ನೋದು ತೀರ್ಮಾನವಾಗಲಿ. ದಂಡೆ ಸರಿಯಾಗಿದ್ದರೆ ಸಾಧಾರಣ ರೂಮೂ ಸಾಕಾಗುತ್ತದೆ. ದಂಡೆ ನಿಮಗೆ ಹೊಂದದಿದ್ದರೆ ಎಷ್ಟು ದುಡ್ಡು ಸುರಿದರೂ ಕಿರಿಕಿರಿ ತಪ್ಪೋದಿಲ್ಲ.

ಹೆಸರಿನ ಗೊಂದಲ ಮೊದಲೇ ಬಗೆಹರಿಸಿಕೊಳ್ಳೋಣ. 2018ರ ಡಿಸೆಂಬರ್‌ನಲ್ಲಿ ಹ್ಯಾವ್ಲಾಕ್‌ಗೆ ಸ್ವರಾಜ್ ದ್ವೀಪ ಎಂದೂ ನೀಲ್‌ಗೆ ಶಹೀದ್ ದ್ವೀಪ ಎಂದೂ ಹೆಸರಿಟ್ಟರು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಮೇಲೆ ಹೊಸ ಹೆಸರು ಕಂಡರೆ ಗಾಬರಿಯಾಗಬೇಡಿ, ಊರು ಅದೇ. ಜನರ ಬಾಯಲ್ಲಿ ಇನ್ನೂ ಹಳೆಯದೇ ಓಡುತ್ತಿರುವುದರಿಂದ ನಾನೂ ಅದನ್ನೇ ಬಳಸುತ್ತೇನೆ.

ಮೊದಲು ಏನೇನು ಅಳೆದು ನೋಡಬೇಕು

ಮೊದಲನೆಯದು ದೋಣಿ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ಗೆ ಖಾಸಗಿ ಫೆರಿಯಲ್ಲಿ ಒಂದೂವರೆ ಗಂಟೆ, ಸರ್ಕಾರಿ ಫೆರಿಯಲ್ಲಿ ಎರಡೂವರೆ ಗಂಟೆ. ಹ್ಯಾವ್ಲಾಕ್‌ನಿಂದ ನೀಲ್‌ಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಕೇಳೋಕೆ ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ರೂಮ್ ಖಾಲಿ ಮಾಡಬೇಕು, ಜೆಟ್ಟಿಗೆ ಬೇಗ ಹೋಗಿ ಕಾಯಬೇಕು, ಲಗೇಜ್ ತಪಾಸಣೆ, ಆ ಕಡೆ ಇಳಿದು ಟ್ಯಾಕ್ಸಿ, ಮತ್ತೆ ಹೊಸ ರೂಮು ಸಿಗೋವರೆಗೆ ಕಾಯೋದು. ಒಂದು ಸಲ ದ್ವೀಪ ಬದಲಿಸಿದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ ಹಾಕಿ.

ಎರಡನೆಯದು ಉಬ್ಬರ ಇಳಿತ. ಇದನ್ನು ಹೋಟೆಲಿನವರು ತಾವಾಗಿ ಹೇಳೋದಿಲ್ಲ, ಬಂದವರು ಕೇಳೋದೂ ಇಲ್ಲ. ಹ್ಯಾವ್ಲಾಕ್‌ನ ವಿಷಯಕ್ಕೆ ಬಂದಾಗ ವಿವರವಾಗಿ ಹೇಳುತ್ತೇನೆ.

ಮೂರನೆಯದು ಕತ್ತಲು. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಹಾಗಾಗಿ ಅಲ್ಲಿ ಸೂರ್ಯ ಒಂದು ಗಂಟೆ ಮೊದಲೇ ಹುಟ್ಟಿ ಮೊದಲೇ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯಾಸ್ತ, ಆರಕ್ಕೆ ಗಾಢ ಕತ್ತಲು. ನಮ್ಮಲ್ಲಿ ನಾಲ್ಕೂವರೆಗೆ ಕಾಫಿ ಕುಡಿದು ‘ಬೀಚಿಗೆ ಹೋಗೋಣ್ವಾ’ ಅನ್ನೋ ಅಭ್ಯಾಸ. ಅಲ್ಲಿ ಆ ಹೊತ್ತಿಗೆ ಹೊರಟರೆ ದಾರಿಯಲ್ಲೇ ಸೂರ್ಯ ಮುಳುಗಿರುತ್ತಾನೆ. ಸಂಜೆ ಎಲ್ಲಿರಬೇಕು, ಕತ್ತಲಾದ ಮೇಲೆ ಎಷ್ಟು ದೂರ ವಾಪಸ್ ಬರಬೇಕು ಎನ್ನುವುದು ರೂಮಿನ ಆಯ್ಕೆಯ ಮೇಲೇ ನಿಂತಿದೆ.

ನಾಲ್ಕನೆಯದು ಜೊತೆಗೆ ಯಾರಿದ್ದಾರೆ ಅನ್ನೋದು. ಮಂಡಿನೋವಿನ ಅತ್ತೆ, ಮೊಸರನ್ನ ಇಲ್ಲದೆ ನಿದ್ದೆ ಬಾರದ ಅಪ್ಪ, ನೀರು ಕಂಡರೆ ನಿಲ್ಲದ ಮಕ್ಕಳು. ಬಜೆಟ್ ಕೊನೆಗೆ. ಅದು ಮುಖ್ಯ ಅಲ್ಲ ಅಂತಲ್ಲ. ಇಲ್ಲಿ ಪ್ರತಿಯೊಂದು ದಂಡೆಯಲ್ಲೂ ಕಡಿಮೆ ದರದ್ದೂ ಸಿಗುತ್ತದೆ, ಒಂದೇ ಒಂದು ಕಡೆ ಬಿಟ್ಟು.

ಪೋರ್ಟ್ ಬ್ಲೇರ್: ಬೀಚಿಗಾಗಿ ಅಲ್ಲ

ಪೂರ್ತಿ ರಜೆಯನ್ನು ಇಲ್ಲಿ ಕಳೆಯುವ ಯೋಚನೆ ಇದ್ದರೆ ಬಿಡಿ. ಇದು ಜಿಲ್ಲಾ ಕೇಂದ್ರದಂಥ ಊರು. ಟ್ರಾಫಿಕ್, ಬಜಾರು, ಸರ್ಕಾರಿ ಕಚೇರಿ. ಊರಿಗೆ ಹತ್ತಿರದ ಬೀಚ್ ಕಾರ್ಬಿನ್ಸ್ ಕೋವ್. ಸಂಜೆ ಕೂರೋಕೆ ಪರವಾಗಿಲ್ಲ, ಅಷ್ಟು ದೂರ ಹಾರಿ ಬಂದಿದ್ದಕ್ಕೆ ಸಾಲದು.

ಆದರೂ ಒಂದೆರಡು ರಾತ್ರಿ ಇಲ್ಲಿ ಬೇಕೇ ಬೇಕು. 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲನ್ನು ಹಗಲಲ್ಲಿ ನೋಡಿ, ಸಂಜೆಯ ಧ್ವನಿ ಬೆಳಕು ಪ್ರದರ್ಶನಕ್ಕೂ ಕೂತರೆ ಒಂದು ದಿನ ಸರಿಯಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ವಾಪಸ್ ವಿಮಾನ. ಸಮುದ್ರ ಕೆರಳಿದರೆ ಫೆರಿ ರದ್ದಾಗುತ್ತದೆ. ಹ್ಯಾವ್ಲಾಕ್‌ನಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನದ ವಿಮಾನ ಹಿಡಿಯುವ ಲೆಕ್ಕಾಚಾರ ಕಾಗದದ ಮೇಲೆ ಚೆನ್ನಾಗಿರುತ್ತದೆ, ಆದರೆ ಹವಾಮಾನದ ಮೇಲೆ ಜೂಜಾಡಿದ ಹಾಗೆ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಲಿ.

ಇಲ್ಲಿ ದುಡ್ಡು ಸುರಿಯಬೇಡಿ. ಅಬರ್ಡೀನ್ ಬಜಾರಿನ ಸುತ್ತಮುತ್ತ ಎರಡು ಮೂರು ಸಾವಿರಕ್ಕೆ ಶುಚಿಯಾದ ರೂಮು ಸಿಗುತ್ತದೆ. ಏರ್‌ಪೋರ್ಟ್ ಹತ್ತಿರ, ಜೈಲು ಹತ್ತಿರ. ತಮಿಳರು ಬಹಳ ಮಂದಿ ಇರುವುದರಿಂದ ಇಡ್ಲಿ, ದೋಸೆ, ಅನ್ನ ಸಾರಿಗೆ ತೊಂದರೆ ಇಲ್ಲ. ಜಿ.ಬಿ. ಪಂತ್ ಸರ್ಕಾರಿ ಆಸ್ಪತ್ರೆಯೂ ಈ ಊರಲ್ಲೇ ಇದೆ. ಹ್ಯಾವ್ಲಾಕ್, ನೀಲ್‌ಗಳಲ್ಲಿ ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರ ಮಾತ್ರ. ಹೃದಯದ ಸಮಸ್ಯೆ ಇರುವ ಹಿರಿಯರ ಜೊತೆ ಹೊರಟವರು ಇದನ್ನು ನೆನಪಿಡಬೇಕು.

ಹ್ಯಾವ್ಲಾಕ್, ಪೂರ್ವದ ದಂಡೆ

ಹ್ಯಾವ್ಲಾಕ್‌ನಲ್ಲಿ ಬೀಚುಗಳಿಗೆ ನಂಬರ್ ಇದೆ. ಪೂರ್ವ ದಂಡೆಯಲ್ಲಿ 2, 3, 5. ಇವುಗಳಲ್ಲಿ ಮೂರು ಅಂದರೆ ಗೋವಿಂದ ನಗರ, ಐದು ಅಂದರೆ ವಿಜಯ ನಗರ. ಅದೇ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ಕಾಲಾಪತ್ಥರ್. ಪಶ್ಚಿಮ ದಂಡೆಯಲ್ಲಿ ಏಳನೇ ನಂಬರ್, ಅಂದರೆ ರಾಧಾನಗರ. ದ್ವೀಪದ ಹೆಚ್ಚಿನ ಹೋಟೆಲು, ಹೋಮ್‌ಸ್ಟೇ, ಊಟದ ಜಾಗ, ಸ್ಕೂಬಾ ಅಂಗಡಿ, ಸ್ಕೂಟರ್ ಬಾಡಿಗೆ ಎಲ್ಲ ಪೂರ್ವದಲ್ಲಿವೆ. ಬಜಾರಿನ ಹಿಂದಿನ ಹೋಮ್‌ಸ್ಟೇ ರೂಮು ಒಂದೂವರೆ ಎರಡು ಸಾವಿರಕ್ಕೆ ಸಿಗುತ್ತದೆ, ಮಧ್ಯಮ ದರ್ಜೆಯ ರೆಸಾರ್ಟಿಗೆ ಐದರಿಂದ ಹತ್ತು ಸಾವಿರ. ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆ ಈ ಲೆಕ್ಕ ನಡೆಯೋದಿಲ್ಲ.

ಈಗ ಉಬ್ಬರ ಇಳಿತದ ಮಾತು. ಬೀಚ್ ಐದರಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ನೀರು ಮರದ ಬುಡಕ್ಕೆ ಬಡಿಯುತ್ತಿರುತ್ತದೆ. ಹೋಟೆಲಿನವರ ಫೋಟೊ ತೆಗೆದಿರುವುದು ಆ ಹೊತ್ತಿಗೇ. ತಿಂಡಿ ತಿಂದು, ಸ್ವಲ್ಪ ಮಲಗಿ, ಈಜಲು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಸಮುದ್ರ ದೂರ ಹಿಂದೆ ಸರಿದಿರುತ್ತದೆ. ನಡುವೆ ಉಳಿದಿದ್ದು ಬೂದು ಬಣ್ಣದ ಒದ್ದೆ ಮರಳು, ಸತ್ತ ಹವಳದ ಚೂರು, ಪಾಚಿ ಹಿಡಿದ ಕಲ್ಲು. ಬೆಳಿಗ್ಗೆ ತೇಲುತ್ತಿದ್ದ ದೋಣಿ ಒಂದು ಪಕ್ಕಕ್ಕೆ ವಾಲಿ ಕೂತಿರುತ್ತದೆ, ಲಂಗರಿನ ಹಗ್ಗ ಸಡಿಲವಾಗಿ ಮರಳ ಮೇಲೆ ಬಿದ್ದಿರುತ್ತದೆ. ಅಡಿಗಡಿಗೂ ಒಂದು ಪುಟ್ಟ ಗುಂಡಿ ನೀರು, ಅದರಲ್ಲಿ ಏಡಿ. ಮಕ್ಕಳಿಗೆ ಒಂದು ಗಂಟೆ ಸಂಭ್ರಮ. ಈಜು ಮಾತ್ರ ಆಗದ ಮಾತು, ಬರಿಗಾಲಲ್ಲಿ ನಡೆದರೆ ಕಾಲು ಕೊಯ್ಯುತ್ತದೆ.

ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಈ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಸ್ವಲ್ಪ ಜಾಸ್ತಿ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಸರಿಯುತ್ತದೆ, ಅಷ್ಟಮಿಯ ಹೊತ್ತಿಗೆ ಕಡಿಮೆ. ಅಂದರೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿಯೇ ಅರ್ಧ ಲೆಕ್ಕ ಹಾಕಬಹುದು. ಉಳಿದರ್ಧಕ್ಕೆ ಪೋರ್ಟ್ ಬ್ಲೇರ್‌ನ ಉಬ್ಬರ ಇಳಿತದ ವೇಳಾಪಟ್ಟಿ ಇಂಟರ್‌ನೆಟ್‌ನಲ್ಲಿದೆ, ಅಷ್ಟು ಸಾಕು.

ಹಾಗಾಗಿ ನನ್ನ ಮಾತು ಇಷ್ಟು: ಪೂರ್ವ ದಂಡೆಯಲ್ಲಿ ‘ಸಮುದ್ರಕ್ಕೆ ಮುಖ ಮಾಡಿದ ರೂಮು’ ಅಂತ ರಾತ್ರಿಗೆ ಮೂರು ನಾಲ್ಕು ಸಾವಿರ ಜಾಸ್ತಿ ಕೇಳಿದರೆ ಕೊಡಬೇಡಿ. ರೂಮುಗಳು ಹೇಗೂ ದಂಡೆಯಿಂದ ಹಿಂದಕ್ಕೆ, ಮರಗಳ ಮರೆಯಲ್ಲಿರುತ್ತವೆ. ಅದೇ ಜಾಗದ ತೋಟದ ಕಡೆಯ ರೂಮು ತೆಗೆದುಕೊಳ್ಳಿ. ಸಮುದ್ರಕ್ಕೆ ಐವತ್ತು ಹೆಜ್ಜೆ ಜಾಸ್ತಿ, ಅಷ್ಟೇ. ಬೆಳಿಗ್ಗೆ ಐದಕ್ಕೆ ಎದ್ದು ಸೂರ್ಯೋದಯ ನೋಡುವವರಾದರೆ ಮಾತು ಬೇರೆ. ಅದನ್ನು ಹಾಸಿಗೆಯಿಂದಲೇ ನೋಡಬೇಕು ಅನ್ನುವವರು ಕೊಡಲಿ.

ಸ್ಕೂಬಾ ಮಾಡುವುದಿದ್ದರೆ ಪೂರ್ವ ದಂಡೆ ಬಿಟ್ಟು ಬೇರೆ ಯೋಚನೆ ಬೇಡ. ಬೆಳಿಗ್ಗೆ ಬೇಗ ಹೊರಡಬೇಕಾಗುತ್ತದೆ, ಅಂಗಡಿಗಳೂ ಇಲ್ಲೇ ಇವೆ. ಈಜು ಬಾರದವರಿಗೂ ಬೋಧಕರು ಹಿಡಿದುಕೊಂಡು ಒಂದು ಸಲ ಇಳಿಸುತ್ತಾರೆ. ಇದಕ್ಕೆ ನಾಲ್ಕೈದು ಸಾವಿರದ ಆಸುಪಾಸು. ಹತ್ತು ವರ್ಷ ದಾಟಿದ ಮಕ್ಕಳನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ನೀರೊಳಗೆ ಇಳಿದ ಮೇಲೆ 18 ಗಂಟೆಯಾದರೂ ವಿಮಾನ ಹತ್ತಬಾರದು ಅನ್ನುವುದು ಸಾಮಾನ್ಯ ನಿಯಮ. ಆದ್ದರಿಂದ ಸ್ಕೂಬಾ ಪ್ರವಾಸದ ಮೊದಲರ್ಧದಲ್ಲಿ ಮುಗಿಯಲಿ.

ಮೂರನೇ ನಂಬರೋ ಐದನೇ ನಂಬರೋ? ಸ್ಕೂಟರ್ ಓಡಿಸದವರು, ಹಿರಿಯರಿರುವವರು ಮೂರರ ಹತ್ತಿರ ಉಳಿಯಲಿ. ಬಜಾರು, ಔಷಧಿ ಅಂಗಡಿ, ಎಟಿಎಂ, ರಾಧಾನಗರಕ್ಕೆ ತಿರುಗುವ ರಸ್ತೆ ಎಲ್ಲ ಅಲ್ಲೇ. ಬಂಗಾಳಿ ಮೀನೂಟದ ಹೋಟೆಲುಗಳೂ ಅಲ್ಲಿವೆ. ಈ ದ್ವೀಪದಲ್ಲಿ ನೆಲೆಸಿದವರಲ್ಲಿ ಹೆಚ್ಚಿನವರು ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳವರು. ಸಾಸಿವೆ ಎಣ್ಣೆಯ ವಾಸನೆ ಅಭ್ಯಾಸ ಇಲ್ಲದವರು ಆರ್ಡರ್ ಕೊಡುವಾಗಲೇ ಹೇಳಿಬಿಡಿ. ಗದ್ದಲ ಬೇಡ, ತೆಂಗಿನ ತೋಟದ ನಡುವೆ ಸುಮ್ನೆ ಬಿದ್ದುಕೊಂಡಿರಬೇಕು ಅನ್ನುವವರಿಗೆ ಐದು.

ಹ್ಯಾವ್ಲಾಕ್, ರಾಧಾನಗರ

2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಅಂದಿದ್ದು ಇದನ್ನೇ. 2020ರಲ್ಲಿ ಶುಚಿಯಾದ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಬ್ಲೂ ಫ್ಲ್ಯಾಗ್ ಕೂಡ ಬಂತು. ನಮ್ಮ ಕಾಸರಕೋಡು, ಪಡುಬಿದ್ರಿಗೆ ಬಂದದ್ದೂ ಅದೇ ಸುತ್ತಿನಲ್ಲಿ. ಹೊಗಳಿಕೆ ಸುಳ್ಳಲ್ಲ. ಎರಡು ಕಿಲೋಮೀಟರ್ ಉದ್ದದ ಬಿಳಿ ಮರಳು, ಹಿಂದೆ ಎತ್ತರದ ಕಾಡು. ಕಲ್ಲಿಲ್ಲ, ಇಳಿಜಾರು ನಿಧಾನ. ಪೂರ್ವದಲ್ಲಿ ನೀರು ಹಿಂದೆ ಹೋಗಿರುವ ಹೊತ್ತಿನಲ್ಲೂ ಇಲ್ಲಿ ಇಳಿಯಬಹುದು. ಜೀವರಕ್ಷಕರಿದ್ದಾರೆ, ಬಟ್ಟೆ ಬದಲಿಸುವ ಕೋಣೆ ಇದೆ. ಈಜಲು ಗುರುತು ಮಾಡಿದ ಜಾಗ ಬಿಟ್ಟು ತುದಿಯ ಬಂಡೆಗಳ ಕಡೆಗೆ ಹೋಗಬೇಡಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, 2010ರಲ್ಲಿ ಇಲ್ಲೇ ಹತ್ತಿರದಲ್ಲಿ ಒಬ್ಬ ವಿದೇಶಿ ಪ್ರವಾಸಿ ಅದಕ್ಕೆ ಬಲಿಯಾಗಿದ್ದರು. ಎಚ್ಚರಿಕೆಯ ಫಲಕವನ್ನು ಅಲಂಕಾರಕ್ಕೆ ಹಾಕಿದ್ದಲ್ಲ.

ಇಷ್ಟು ಒಳ್ಳೆಯ ದಂಡೆ, ಹಾಗಾದರೆ ಎಲ್ಲರೂ ಇಲ್ಲೇ ಉಳಿಯಬಹುದಲ್ಲ? ನಾನು ಮೇಲೆ ‘ಒಂದು ಕಡೆ ಬಿಟ್ಟು’ ಅಂದದ್ದು ಇದನ್ನೇ. ಇಲ್ಲಿ ರೂಮುಗಳು ಕಡಿಮೆ, ಇರುವುದರಲ್ಲಿ ಹೆಸರಾದವು ದುಬಾರಿ. ತಾಜ್ ಎಕ್ಸೋಟಿಕಾ, ಬೇರ್‌ಫುಟ್ ಇಲ್ಲಿನ ಎರಡು ದೊಡ್ಡ ಹೆಸರು. ಮೊದಲನೆಯದಕ್ಕೆ ಸೀಸನ್‌ನಲ್ಲಿ ರಾತ್ರಿಗೆ ಇಪ್ಪತ್ತು ಸಾವಿರಕ್ಕೂ ಎಷ್ಟೋ ಮೇಲೆ. ಹೊರಗೆ ಊಟಕ್ಕೆ ಬೀಚಿನ ಬಾಗಿಲಿನ ಸಣ್ಣ ಅಂಗಡಿಗಳಷ್ಟೇ, ಕತ್ತಲಾದ ಮೇಲೆ ಅವೂ ಮುಚ್ಚಿಕೊಳ್ಳುತ್ತವೆ. ಅಂದರೆ ರಾತ್ರಿ ಊಟ ರೆಸಾರ್ಟಿನದೇ, ರೆಸಾರ್ಟಿನ ದರದಲ್ಲೇ. ರೂಮಿನ ಬಾಡಿಗೆ ಮಾತ್ರ ನೋಡಿ ಲೆಕ್ಕ ಹಾಕಿದವರಿಗೆ ಬಿಲ್ ಬಂದಾಗ ಬಿಸಿ ಮುಟ್ಟುತ್ತದೆ.

ಎರಡು ಮೂರು ದಿನ ರೆಸಾರ್ಟಿನಿಂದ ಆಚೆ ಕಾಲಿಡೋದೇ ಇಲ್ಲ, ಬೆಳಿಗ್ಗೆ ಸಂಜೆ ಇದೇ ಬೀಚು ಸಾಕು ಅನ್ನುವವರಿಗೆ ಮಾತ್ರ ಆ ದುಡ್ಡು ಸಾರ್ಥಕ. ಹೊಸದಾಗಿ ಮದುವೆಯಾದವರು, ಇಪ್ಪತ್ತೈದನೇ ವರ್ಷದ ವಾರ್ಷಿಕೋತ್ಸವದವರು, ಸರಿ. ಬೆಳಿಗ್ಗೆ ಸ್ಕೂಬಾ, ಮಧ್ಯಾಹ್ನ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕೆಲಿಂಗ್ ಅಂತ ಪಟ್ಟಿ ಹಿಡಿದು ಬಂದವರು ಇಲ್ಲಿ ಉಳಿದರೆ ಹಗಲೆಲ್ಲ ಆ ಕಡೆ ಇರುತ್ತಾರೆ. ಎಲಿಫೆಂಟ್ ಬೀಚಿನ ದೋಣಿಯೂ ಪೂರ್ವದ ಜೆಟ್ಟಿಯಿಂದಲೇ ಹೊರಡೋದು. ಜೆಟ್ಟಿಯಿಂದ ರಾಧಾನಗರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್. ದಿನಾ ಎರಡು ಸಲ ಟ್ಯಾಕ್ಸಿಗೆ ದುಡ್ಡು ಕೊಟ್ಟು, ಖಾಲಿ ಬಿದ್ದಿರುವ ಐಷಾರಾಮಿ ರೂಮಿಗೂ ದುಡ್ಡು ಕೊಟ್ಟ ಹಾಗಾಗುತ್ತದೆ.

ಉಳಿದವರು ಪೂರ್ವದಲ್ಲಿ ಉಳಿದು, ಒಂದು ಮಧ್ಯಾಹ್ನ ಎರಡೂವರೆ ಮೂರಕ್ಕೆಲ್ಲ ರಾಧಾನಗರ ತಲುಪಿ, ಸೂರ್ಯಾಸ್ತ ಮುಗಿಸಿ ಬರಬಹುದು. ಸ್ಕೂಟರ್ ಆದರೆ ಎಚ್ಚರ. ವಾಪಸ್ ದಾರಿ ಕಾಡಿನ ನಡುವೆ, ಬೀದಿದೀಪ ಸಾಲದು, ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಬಸ್ಸೂ ಇದೆ, ಆದರೆ ಬಹಳ ಕಡಿಮೆ. ಮಕ್ಕಳಿದ್ದರೆ ಹೋಗಿಬರುವುದಕ್ಕೆ ಟ್ಯಾಕ್ಸಿ ಮಾತಾಡಿಕೊಂಡು ಕಾಯಿಸುವುದೇ ಒಳ್ಳೆಯದು.

ನೀಲ್

ಹ್ಯಾವ್ಲಾಕ್ ತೊಂಬತ್ತು ಚದರ ಕಿಲೋಮೀಟರ್ ಮೇಲಿದ್ದರೆ ನೀಲ್ ಹದಿನಾಲ್ಕನ್ನೂ ಮುಟ್ಟೋದಿಲ್ಲ. ಬಹುಪಾಲು ಸಪಾಟು ನೆಲ, ಗದ್ದೆ, ತರಕಾರಿ ತೋಟ, ಅಡಿಕೆ ತೆಂಗು. ಇಲ್ಲಿ ಬೆಳೆದ ತರಕಾರಿ ಪೋರ್ಟ್ ಬ್ಲೇರ್ ಮಾರುಕಟ್ಟೆಗೆ ಹೋಗುತ್ತದೆ. ಊರುಗಳಿಗೆ ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ ಅಂತ ಹೆಸರು. ದ್ವೀಪದ ಈ ತುದಿಯಿಂದ ಆ ತುದಿಗೆ ಸೈಕಲ್‌ನಲ್ಲೇ ಹೋಗಿಬರಬಹುದು.

ಇಲ್ಲಿ ಯಾವ ದಂಡೆ ಅನ್ನುವ ತಲೆನೋವು ಅಷ್ಟಿಲ್ಲ, ಎಲ್ಲವೂ ಹತ್ತಿರ. ಜೆಟ್ಟಿ ಪಕ್ಕದಲ್ಲೇ ಭರತಪುರ. ನೀರು ಆಳವಿಲ್ಲ, ಗಾಜಿನ ತಳದ ದೋಣಿ, ಸ್ನಾರ್ಕೆಲಿಂಗ್ ಎಲ್ಲ ಇಲ್ಲೇ. ಮಧ್ಯಾಹ್ನದವರೆಗೆ ಒಂದು ದಿನಕ್ಕೆಂದು ಬಂದ ಗುಂಪುಗಳ ಗಲಾಟೆ, ಅವರ ಫೆರಿ ಹೊರಟ ಮೇಲೆ ಊರು ತಣ್ಣಗಾಗುತ್ತದೆ. ಸೂರ್ಯಾಸ್ತಕ್ಕೆ ಲಕ್ಷ್ಮಣಪುರ, ಸೂರ್ಯೋದಯಕ್ಕೆ ಸೀತಾಪುರ. ಲಕ್ಷ್ಮಣಪುರದ ಎರಡನೇ ನಂಬರ್ ಬೀಚಿನಲ್ಲಿ ಸಮುದ್ರ ಕೊರೆದ ಕಲ್ಲಿನ ಕಮಾನು ಇದೆ, ಸ್ಥಳೀಯರು ಹೌರಾ ಬ್ರಿಜ್ ಅನ್ನುತ್ತಾರೆ. ಅಲ್ಲಿಗೆ ಇಳಿತದ ಹೊತ್ತಿಗೇ ಹೋಗಬೇಕು. ಹ್ಯಾವ್ಲಾಕ್‌ನಲ್ಲಿ ಬೈಸಿಕೊಂಡ ಇಳಿತ ಇಲ್ಲಿ ಬೇಕಾಗುತ್ತದೆ. ಕಲ್ಲಿನ ನಡುವಿನ ಗುಂಡಿಗಳಲ್ಲಿ ಮೀನು, ಸಮುದ್ರ ಸೌತೆ ಅನ್ನುವ ಮೆತ್ತನೆಯ ಜೀವಿ, ಜೀವಂತ ಹವಳ ಕಾಣುತ್ತವೆ. ಆದರೆ ದಾರಿ ಪೂರ್ತಿ ಚೂಪು ಕಲ್ಲು, ಜಾರುತ್ತದೆ. ಮಂಡಿನೋವಿನವರು ಮರದ ನೆರಳಲ್ಲಿ ಎಳನೀರು ಕುಡಿಯುತ್ತ ಕೂರಲಿ.

ನೀಲ್‌ನ ಕೊರತೆ ಏನು? ಸಂಜೆ ಆರರ ಮೇಲೆ ಮಾಡೋಕೆ ಏನೂ ಇಲ್ಲ. ಸ್ಕೂಬಾ ಇದೆ, ಹ್ಯಾವ್ಲಾಕ್‌ನಷ್ಟು ಆಯ್ಕೆ ಇಲ್ಲ. ರಾಧಾನಗರದಂಥ ಈಜಿನ ಬೀಚ್ ಇಲ್ಲ. ಒಂದು ರಾತ್ರಿ ಉಳಿದರೆ ಬಂದ ಸುಸ್ತು, ಹೋಗುವ ಗಡಿಬಿಡಿ ಅಷ್ಟೇ ಆಗುತ್ತದೆ. ಎರಡು ರಾತ್ರಿ ಇದ್ದರೆ ಮಾತ್ರ ಈ ದ್ವೀಪ ಕೈಗೆ ಸಿಗುತ್ತದೆ. ಹ್ಯಾವ್ಲಾಕ್‌ಗಿಂತ ದರವೂ ಸ್ವಲ್ಪ ಇಳಿ. ಪುಸ್ತಕ ಓದುವವರು, ಸೈಕಲ್ ಹೊಡೆಯುವವರು, ಜನಜಂಗುಳಿ ಸಾಕಾದವರು ಇಲ್ಲಿ ಖುಷಿಯಾಗಿರುತ್ತಾರೆ. ಹದಿಹರೆಯದ ಮಕ್ಕಳು ಎರಡನೇ ದಿನಕ್ಕೇ ಮೊಬೈಲ್ ಹಿಡಿಯುತ್ತಾರೆ.

ರಾತ್ರಿಗಳನ್ನು ಹಂಚೋದು

ಐದು ರಾತ್ರಿ ಇದ್ದರೆ ಮೂರೂ ಊರು ತುರುಕಬೇಡಿ. ವಿಮಾನ ಬೆಳಿಗ್ಗೆ ಬೇಗ ಇಳಿಯುವಂತಿದ್ದರೆ ಅವತ್ತೇ ಮಧ್ಯಾಹ್ನದ ಫೆರಿ ಹಿಡಿದು ಹ್ಯಾವ್ಲಾಕ್‌ನಲ್ಲಿ ನಾಲ್ಕು, ಪೋರ್ಟ್ ಬ್ಲೇರ್‌ನಲ್ಲಿ ಕೊನೆಯ ಒಂದು. ತಡವಾಗಿ ಇಳಿದರೆ ಒಂದು, ಮೂರು, ಒಂದು. ನೀಲ್ ನೋಡಲೇಬೇಕು ಅಂದರೆ ಆರೇಳು ರಾತ್ರಿ ಬೇಕು: ಹ್ಯಾವ್ಲಾಕ್‌ನಿಂದ ನೀಲ್‌ಗೆ, ಅಲ್ಲಿಂದ ನೇರ ಪೋರ್ಟ್ ಬ್ಲೇರ್‌ಗೆ. ಸುತ್ತು ಹಾಕಿದ ಹಾಗಾಗುವುದಿಲ್ಲ, ಫೆರಿಗಳೂ ಹಾಗೇ ಓಡುತ್ತವೆ.

ಬಜೆಟ್ ಬಿಗಿಯಾಗಿದ್ದರೆ ಉಳಿತಾಯ ರೂಮಿನಲ್ಲಲ್ಲ, ದೋಣಿಯಲ್ಲಿದೆ. ಖಾಸಗಿ ಫೆರಿಗೆ ತಲೆಗೆ ಒಂದು ಸಲಕ್ಕೆ ಒಂದೂವರೆ ಎರಡು ಸಾವಿರದ ಆಸುಪಾಸು, ಸರ್ಕಾರಿಯದಕ್ಕೆ ಕೆಲವು ನೂರು. ನಾಲ್ಕು ಜನರ ಮನೆಗೆ ಹೋಗಿಬರುವುದರಲ್ಲೇ ಎರಡು ರಾತ್ರಿಯ ಬಾಡಿಗೆ ಉಳಿಯುತ್ತದೆ. ಡೆಕ್ ಮೇಲೆ ಗಾಳಿಗೆ ನಿಲ್ಲಲೂಬಹುದು, ಹೊಟ್ಟೆ ತೊಳಸುವವರಿಗೆ ಅದೇ ಮೇಲು. ಆದರೆ ಸೀಟು ಸಿಗೋದು ಕಷ್ಟ.

ವಯಸ್ಸಾದ ಅಪ್ಪ ಅಮ್ಮನ ಜೊತೆ ಹೊರಟರೆ ಪೋರ್ಟ್ ಬ್ಲೇರ್‌ನಲ್ಲಿ ಎರಡು, ಹ್ಯಾವ್ಲಾಕ್ ಬೀಚ್ ಮೂರರಲ್ಲಿ ನೆಲಮಹಡಿಯ ರೂಮು ಎರಡು ಮೂರು, ಅಷ್ಟೇ. ಮೇ ನಡುವಿನಿಂದ ಮುಂಗಾರು ಶುರು, ದರ ಅರ್ಧಕ್ಕಿಳಿದರೂ ಅವರನ್ನು ಆಗ ಕರೆದುಕೊಂಡು ಹೋಗಬೇಡಿ. ಎದ್ದುಬಿದ್ದು ಓಡುವ ಫೆರಿ ಯಾರಿಗೂ ಹಿತವಲ್ಲ. ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ.

ಬುಕ್ ಮಾಡುವ ಕ್ರಮ ಹೀಗಿರಲಿ: ವಿಮಾನ, ಆಮೇಲೆ ಫೆರಿ, ಕೊನೆಗೆ ರೂಮು. ಡಿಸೆಂಬರ್‌ನಲ್ಲಿ ರೂಮಿಗಿಂತ ಮೊದಲು ಖಾಲಿಯಾಗೋದು ಫೆರಿ ಸೀಟು. ರೂಮಿಗೆ ದುಡ್ಡು ಕಟ್ಟುವ ಮುಂಚೆ ಹೋಟೆಲಿಗೆ ಒಂದು ಫೋನ್ ಹಚ್ಚಿ. ನಮ್ಮ ತಾರೀಕಿಗೆ ಮಧ್ಯಾಹ್ನ ನಿಮ್ಮ ಮುಂದೆ ನೀರಿರುತ್ತದಾ, ಕರೆಂಟ್ ಹೋದರೆ ಎಸಿಗೂ ಜನರೇಟರ್ ಇದೆಯಾ, ಫೆರಿ ರದ್ದಾಗಿ ನಾವು ಬರಲಾಗದಿದ್ದರೆ ದುಡ್ಡು ವಾಪಸ್ಸಾ ಅಥವಾ ತಾರೀಕು ಬದಲಿಸುತ್ತೀರಾ ಅಂತ ಕೇಳಿ. ಕೊನೆಯ ಪ್ರಶ್ನೆಗೆ ಬಂದ ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.